ಅಂಗಡಿಯ ಲೆಕ್ಕ ತಾಳೆಯಾಗುತ್ತದೆ, ತಲೆಯ ಲೆಕ್ಕ ಆಗುವುದಿಲ್ಲ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 44 ವರ್ಷ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಒಂದು ಅಡತಿ (ದಲ್ಲಾಳಿ) ಅಂಗಡಿಯ ದಿವಾನಜಿ, ಅಂದರೆ ಲೆಕ್ಕ ಬರೆಯುವವ. ಮನೆ ಧಾರವಾಡದಲ್ಲಿ, ದಿನವೂ ಚಿಗರಿ ಬಸ್ಸಿನಲ್ಲಿ ಓಡಾಟ. ಇಷ್ಟು ವರ್ಷಗಳಲ್ಲಿ ಅಂಗಡಿಯ ಲೆಕ್ಕ ಒಂದು ರೂಪಾಯಿಯೂ ಆಚೀಚೆ ಆಗಿಲ್ಲ. ನನ್ನ ತಲೆಯ ಲೆಕ್ಕ ಮಾತ್ರ ಒಂದು ದಿನವೂ ತಾಳೆಯಾಗಿಲ್ಲ. ಬಸ್ಸಿನಲ್ಲಿ ಕುಳಿತ ತಕ್ಷಣ ಮನಸ್ಸು ಎಲ್ಲೆಲ್ಲೋ ಹೊರಡುತ್ತದೆ. ಹಮಾಲರು ಚೀಲ ಎಣಿಸುವಾಗ ಹಿಡಿಯುವ ರಾಗ ಎಲ್ಲಿಂದ ಬಂದಿರಬಹುದು, ಕುಂದಗೋಳದ ಎರಡು ಎಕರೆಯನ್ನು ಲಾವಣಿಗೆ (ಗೇಣಿಗೆ) ಕೊಡಬೇಕೇ ಬೇಡವೇ, ಮಗಳಿಗೆ ಪಿಯುಸಿಯಲ್ಲಿ ಯಾವ ವಿಭಾಗ ಕೊಡಿಸಬೇಕು, ಸಾವಕಾರರು ನಿನ್ನೆ ಹಾಗೇಕೆ ಅಂದರು, ಹೀಗೆ. ಕಳೆದ ತಿಂಗಳು ಅಂಗಡಿಯ ನಿಲ್ದಾಣ ದಾಟಿ ಉಣಕಲ್ ಕೆರೆ ಕಂಡ ಮೇಲೆ ಎಚ್ಚರವಾಯಿತು. ತೋಚಿದ್ದನ್ನೆಲ್ಲ ಬರೆದಿಡುತ್ತೇನೆ: ತೂಕದ ಚೀಟಿಯ ಹಿಂಬದಿ, ಕ್ಯಾಲೆಂಡರಿನ ಹಾಳೆ, ಮೊಬೈಲು, ಗೊಬ್ಬರದ ಕಂಪನಿಯವರು ಕೊಟ್ಟ ಡೈರಿಗಳು. ಬೇಕಾದಾಗ ಒಂದೂ ಸಿಗುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಅಪ್ಪನಿಗೆ 76ನೆಯ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಶುರುವಾಗಿತ್ತು. ನನ್ನದೂ ಅದರ ಆರಂಭವೇ? ಸಕ್ಕರೆ ಕಾಯಿಲೆಗೆ ನಾಲ್ಕು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ತಮ್ಮನ ಮಗ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು, "ದೊಡ್ಡಪ್ಪ, ಇದರಲ್ಲಿ ಬರೆದರೆ ಎಲ್ಲ ತಾನಾಗಿಯೇ ಹೊಂದಿಕೊಳ್ಳುತ್ತದೆ" ಎನ್ನುತ್ತಾನೆ. ಹೆಂಡತಿ ಹಳೆಯ ಡೈರಿಗಳನ್ನೆಲ್ಲ ರದ್ದಿಗೆ ಹಾಕಬೇಕೆನ್ನುತ್ತಾಳೆ. ಅವ್ವ "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮನಸ್ಸು ಅಲೆಯುವುದು ಒಂದು. ಬರೆದದ್ದು ಕೈಗೆ ಸಿಗದಿರುವುದು ಇನ್ನೊಂದು. ಮೂರನೆಯದು ನಡುರಾತ್ರಿಯ ಎಚ್ಚರ. ನಾಲ್ಕನೆಯದು ಅಪ್ಪನ ಕಾಯಿಲೆ ನಿಮಗೂ ಬಂತೇನೋ ಎಂಬ ಭಯ. ಉಳಿದ ಮೂರನ್ನೂ ದೊಡ್ಡದಾಗಿ ಕಾಣಿಸುತ್ತಿರುವುದು ಈ ನಾಲ್ಕನೆಯದೇ ಎಂದು ನನಗೆ ಅನಿಸುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮರೆವಿನ ಕಾಯಿಲೆಯವರನ್ನು ನನ್ನ ಬಳಿಗೆ ಕರೆತರುವವರು ಸಾಮಾನ್ಯವಾಗಿ ಮನೆಯವರು. "ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳುತ್ತಾರೆ", "ದಿನವೂ ಹೋಗುವ ಓಣಿಯಲ್ಲಿ ದಾರಿ ತಪ್ಪಿದರು", "ಚಹಾ ಮಾಡುವುದೇ ಮರೆತುಹೋಗಿದೆ" ಎಂದು ಮಕ್ಕಳೋ ಸೊಸೆಯೋ ಹೇಳುತ್ತಾರೆ. ರೋಗಿ ಪಕ್ಕದಲ್ಲಿ ಕುಳಿತು ತನಗೇನೂ ಆಗಿಲ್ಲ ಎನ್ನುತ್ತಿರುತ್ತಾರೆ. ನಿಮ್ಮ ಸ್ಥಿತಿ ತಿರುಗುಮುರುಗು. ಮನೆಯವರಿಗೆ ಕಾಣದ ಮರೆವನ್ನು ನೀವೇ ವರ್ಣಿಸುತ್ತಿದ್ದೀರಿ, ಅದೂ ತಿಂಗಳು, ನಿಲ್ದಾಣಗಳ ಸಮೇತ. ಬಹಳ ವರ್ಷಗಳಿಂದ ರೂಢಿಯಾದ ಲೆಕ್ಕಾಚಾರ ಕೈತಪ್ಪುವುದು ಆ ಕಾಯಿಲೆಯ ಮೊದಲ ಸೂಚನೆಗಳಲ್ಲಿ ಒಂದು. ಸುಗ್ಗಿಯ ಕಾಲದಲ್ಲಿ ನೂರಾರು ಪಟ್ಟಿ ಬರೆದು ಸಂಜೆಗೆ ರೊಕ್ಕ ತಾಳೆ ಮಾಡುವವರಲ್ಲಿ ಆ ಸೂಚನೆ ನನಗೆ ಕಾಣುತ್ತಿಲ್ಲ.

ಬಸ್ ನಿಲ್ದಾಣ ದಾಟಿಹೋದದ್ದು ಮರೆವೇ ಅಲ್ಲ. ಇಳಿಯಬೇಕಾದ ಜಾಗ ನಿಮಗೆ ಗೊತ್ತಿತ್ತು, ಅದು ಬಂದಾಗ ಗಮನ ಬೇರೆ ಕಡೆ ಇತ್ತು. ಮನಸ್ಸಿಗೆ ಇಳಿಯದ ವಿಷಯವನ್ನು ನೆನಪು ಕಾಯ್ದಿಡಲಾರದು. ಮೂವತ್ತೈದು ದಾಟಿದವರು "ಡಾಕ್ಟರೇ, ನೆನಪಿನ ಶಕ್ತಿ ಹೋಯಿತು" ಎಂದು ಬಂದಾಗ ವಿಚಾರಿಸಿದರೆ ಬಹುಪಾಲು ಇದೇ ಸಿಗುತ್ತದೆ.

ಅಪ್ಪನಿಗೆ ಬಂದದ್ದು ಎಪ್ಪತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ತಂದೆಗೋ ತಾಯಿಗೋ ಬಂದಿದ್ದರೆ ಮಕ್ಕಳ ಅಪಾಯ ತುಸು ಹೆಚ್ಚು, ನಿಜ. ಆದರೆ ಬಂದೇ ತೀರುತ್ತದೆ ಎಂದಲ್ಲ, ನಲವತ್ತರಲ್ಲಿ ಬರುತ್ತದೆ ಎಂದಂತೂ ಅಲ್ಲ. ನೇರವಾಗಿ ವಂಶವಾಹಿನಿಯಲ್ಲಿ ಇಳಿದು ಬರುವ ಬಗೆಯೂ ಒಂದಿದೆ. ಅದು ಅಪರೂಪ, ಅಂಥ ಮನೆಗಳಲ್ಲಿ ಕಾಯಿಲೆ ಅರವತ್ತೈದಕ್ಕಿಂತ ಬಹಳ ಮೊದಲೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿರುವುದು ಸಕ್ಕರೆ ಮತ್ತು ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು. ಮಿದುಳಿನ ಮಟ್ಟಿಗೆ ಅದು ಚಿಕ್ಕ ಕೆಲಸವಲ್ಲ.

ಮೆಟ್‌ಫಾರ್ಮಿನ್ ಅಂದಿರಿ. ಆ ಮಾತನ್ನು ನಾನು ಹಾಗೇ ಬಿಡುವುದಿಲ್ಲ. ವರ್ಷಗಟ್ಟಲೆ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಮೊಟ್ಟೆ, ಮಾಂಸ ಮುಟ್ಟದ ಮನೆಯವರಾದರೆ ಅದು ಮೊದಲೇ ಕಡಿಮೆ ಇರುವ ಸಂಭವವೂ ಉಂಟು. ಬಿ12 ಕೊರತೆ ಸುಸ್ತು, ಗಮನ ನಿಲ್ಲದಿರುವುದು, ಮರೆವು, ಅಂಗಾಲಿನ ಜೋಮು ಎಲ್ಲವನ್ನೂ ತರಬಲ್ಲದು, ಮತ್ತು ಇದು ಸರಿಪಡಿಸಬಹುದಾದ ಕೊರತೆ. ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ರಕ್ತ ಕೊಡುವಾಗ ಬಿ12 ಮತ್ತು ಥೈರಾಯ್ಡ್ ಎರಡನ್ನೂ ನೋಡಲು ನಿಮ್ಮ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ನಿಂತಂತಾಗುತ್ತದೆಯೇ ಎಂದು ಹೆಂಡತಿಯನ್ನೂ ಕೇಳಿ. ಹೌದೆಂದರೆ ಹಗಲಿನ ಮಂಕಿಗೆ ಅದೇ ಕಾರಣ ಇರಬಹುದು, ಅದಕ್ಕೆ ಬೇರೆ ತಪಾಸಣೆ ಇದೆ.

ಇನ್ನು ಅಲೆಯುವ ಮನಸ್ಸಿನ ವಿಷಯ. ಅವ್ವನ ಗಾದೆ ಒಳ್ಳೆಯ ಗಾದೆ, ಆದರೆ ನಿಮಗೆ ಹೊಂದುವುದಿಲ್ಲ. ಕೆಲಸವಿಲ್ಲದವರ ಮನಸ್ಸು ಮಾತ್ರ ಅಲೆಯುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು, ಅದು ಬಳಸುವ ಶಕ್ತಿ ಮಾತ್ರ ಶೇಕಡಾ 20ರಷ್ಟು. ಕೈಯಲ್ಲಿ ಕೆಲಸವಿದ್ದರೂ ಇಲ್ಲದಿದ್ದರೂ ಈ ಖರ್ಚು ಹೆಚ್ಚೇನೂ ತಗ್ಗುವುದಿಲ್ಲ. ಹೊರಗಿನ ಕೆಲಸ ಬಿಟ್ಟಾಗಲೇ ಚುರುಕಾಗುವ ಕೆಲವು ಭಾಗಗಳೂ ಮಿದುಳಿನಲ್ಲಿವೆ. ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಈ ಬಗ್ಗೆ ಬರೆದ ಮೇಲೆ ಇದರ ಅಧ್ಯಯನ ಬಹಳ ಬೆಳೆದಿದೆ. ಹಿಂದಿನದನ್ನು ನೆನೆಯುವುದು, ಮುಂದಿನದನ್ನು ಊಹಿಸುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿರಬಹುದು ಎಂದು ಲೆಕ್ಕ ಹಾಕುವುದು, ಇವೆಲ್ಲ ನಡೆಯುವಾಗ ಆ ಭಾಗಗಳು ಕೆಲಸ ಮಾಡುತ್ತಿರುತ್ತವೆ. ಲಾವಣಿ, ಮಗಳ ಪಿಯುಸಿ, ಸಾವಕಾರರ ಮಾತು: ಬಸ್ಸಿನಲ್ಲಿ ನಿಮ್ಮ ತಲೆಯಲ್ಲಿ ನಡೆಯುವುದೂ ಇದೇ.

ಎಷ್ಟು ಅಲೆದರೆ ಹೆಚ್ಚು ಎಂದು ಕೇಳುತ್ತೀರಿ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅವರು 2,250 ಜನರಿಗೆ ಐಫೋನ್ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯೇ ಎಂದು ಕೇಳಿದರು. ಶೇಕಡಾ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹೆಚ್ಚುಕಡಿಮೆ ಅರ್ಧ! ಫೋನ್ ಹಿಡಿದು ಉತ್ತರ ಕೊಡಲು ಒಪ್ಪಿದವರ ಲೆಕ್ಕ ಇದು, ಅದನ್ನೇ ತಂದು ಅಮರಗೋಳಕ್ಕೆ ಅಂಟಿಸಲಾಗದು. ಆದರೂ ನಿಮ್ಮೊಬ್ಬರ ತಲೆ ಮಾತ್ರ ಹೀಗೆ ಎಂಬ ಕೊರಗಿಗೆ ಇಷ್ಟು ಸಾಕು. ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಮುಚ್ಚಿಡುವುದಿಲ್ಲ: ಮನಸ್ಸು ಅಲೆಯುವಾಗ ಜನ ಒಟ್ಟಾರೆ ಕಡಿಮೆ ಸಂತೋಷದಿಂದಿದ್ದರು. ಹಿತವಾದ ವಿಷಯಕ್ಕೆ ಅಲೆದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಕಹಿಯಾದದ್ದಕ್ಕೆ ಅಲೆದಾಗ ನೆಮ್ಮದಿ ಸ್ಪಷ್ಟವಾಗಿ ತಗ್ಗಿತ್ತು. ಹಾಗಾಗಿ ಹಮಾಲರ ರಾಗ ನಿಮ್ಮ ತಲೆಯಲ್ಲಿ ಎಷ್ಟು ಹೊತ್ತು ಇದ್ದರೂ ನನಗೆ ಚಿಂತೆಯಿಲ್ಲ. ಸಾವಕಾರರ ಒಂದು ಮಾತು ವಾರವಿಡೀ ತಿರುಗುತ್ತಿದ್ದರೆ ಅದರ ಬಗ್ಗೆ ಕೇಳಬೇಕಾಗುತ್ತದೆ.

ಆ ರಾಗದ ವಿಷಯವನ್ನು ದಯವಿಟ್ಟು ಬಿಡಬೇಡಿ. ಹಳೆಯ ಹಮಾಲರಿಗೆ ಗೊತ್ತಿರುವುದನ್ನು ಕೇಳಿ ಬರೆದುಕೊಳ್ಳಲು ಇಡೀ ಯಾರ್ಡಿನಲ್ಲಿ ನಿಮಗಿಂತ ಅನುಕೂಲ ಯಾರಿಗಿದೆ? ಇದು ಚಿಕಿತ್ಸೆಯಲ್ಲ, ನನ್ನ ಸ್ವಂತ ಆಸೆ.

ಇನ್ನೊಂದು ಭಯವನ್ನೂ ಇಲ್ಲೇ ತೀರಿಸಿಬಿಡೋಣ, ನೀವು ಕೇಳದಿದ್ದರೂ ತಮ್ಮನ ಮಗ ಇಂದಲ್ಲ ನಾಳೆ ಹೇಳುತ್ತಾನೆ. ಮನಸ್ಸು ನಿಲ್ಲದವರಿಗೆಲ್ಲ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಎಂದು ಹೆಸರಿಡುವ ವಿಡಿಯೊಗಳು ಈಗ ಧಾರಾಳ. ಆ ತೊಂದರೆ ನಿಜವಾದದ್ದು, ದೊಡ್ಡವರಲ್ಲೂ ಇರುತ್ತದೆ. ಆದರೆ ಅದರ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಶಾಲೆಯಲ್ಲೂ ಮನೆಯಲ್ಲೂ ಅಡ್ಡಿಯಾಗಿರಬೇಕು. ನಲವತ್ತರ ನಂತರ ಹೊಸದಾಗಿ ಶುರುವಾದ ಚಂಚಲತೆಗೆ ಕಾರಣವನ್ನು ಬೇರೆ ಕಡೆ ಹುಡುಕುತ್ತೇವೆ: ನಿದ್ರೆ, ಚಿಂತೆ, ಖಿನ್ನತೆ, ಥೈರಾಯ್ಡ್, ಕುಡಿತ.

ಈಗ ನಿಮ್ಮ ಚೀಟಿಗಳ ಕಡೆ ಬರೋಣ. ನನ್ನ ಪ್ರಕಾರ ನಿಮ್ಮ ಪತ್ರದ ತಿರುಳು ಇಲ್ಲಿದೆ.

ತಲೆಯಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಲು ಏಕೆ ಆಗುವುದಿಲ್ಲ? ಏಕಕಾಲಕ್ಕೆ ಮನಸ್ಸಿನ ಮುಂದೆ ಹಿಡಿದುಕೊಳ್ಳಬಹುದಾದ ಸಂಗತಿಗಳ ಸಂಖ್ಯೆ ಬಹಳ ಚಿಕ್ಕದು. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಲಿಲಾವಿನ (ಹರಾಜಿನ) ಹೊತ್ತಿನಲ್ಲಿ ದರ, ಚೀಲ, ತೂಕ, ರೈತರ ಹೆಸರು ಹಿಡಿಯುವಷ್ಟರಲ್ಲೇ ನಿಮ್ಮ ಜಾಗ ತುಂಬಿಹೋಯಿತು. ಅದೇ ಹೊತ್ತಿಗೆ ಮನೆಯಿಂದ ಫೋನ್ ಬಂದು ಗ್ಯಾಸ್ ಸಿಲಿಂಡರ್ ಹೇಳಬೇಕು ಎಂದರೆ ಯಾವುದೋ ಒಂದು ಜಾರಲೇಬೇಕು.

ಅರ್ಧ ಉಳಿದ ಕೆಲಸಗಳು ಏಕೆ ಕಾಡುತ್ತವೆ? ಬರ್ಲಿನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ, ಮುಗಿಸಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬರೆದರು. ಆಮೇಲೆ ಅದೇ ಪ್ರಯೋಗ ಮಾಡಿದವರಿಗೆಲ್ಲ ಅದೇ ಫಲ ಸಿಕ್ಕಿಲ್ಲ, ಹಾಗಾಗಿ ಅದನ್ನು ನಾನು ನಿಯಮವೆನ್ನುವುದಿಲ್ಲ. ನನ್ನ ರೋಗಿಗಳಿಗೆ ಹೆಚ್ಚು ಉಪಯೋಗವಾದದ್ದು ಮಾಸಿಕಾಂಪೊ ಮತ್ತು ಬೌಮೈಸ್ಟರ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಬಾಕಿ ಇರುವ ಗುರಿಯ ಯೋಚನೆ ಎದುರಿನ ಕೆಲಸದ ನಡುವೆ ತಲೆಹಾಕಿ ತೊಂದರೆ ಕೊಡುತ್ತದೆ. ಆದರೆ ಆ ಗುರಿಗೆ ಯಾವಾಗ, ಎಲ್ಲಿ, ಹೇಗೆ ಎಂಬ ಖಚಿತ ಯೋಜನೆ ಮಾಡಿಕೊಂಡವರಲ್ಲಿ, ಕೆಲಸ ಇನ್ನೂ ಮುಗಿಯದಿದ್ದರೂ, ಆ ತೊಂದರೆ ಇಳಿದಿತ್ತು. "ಜಮೀನಿನ ವಿಷಯ ನೋಡಬೇಕು" ಎಂದು ಹತ್ತು ಚೀಟಿಯಲ್ಲಿ ಬರೆದರೂ ಅದು ರಾತ್ರಿ ಮೂರಕ್ಕೆ ಎಬ್ಬಿಸುತ್ತದೆ. "ಭಾನುವಾರ ಬೆಳಿಗ್ಗೆ ಕುಂದಗೋಳಕ್ಕೆ ಹೋಗಿ ಕಾಕಾನ ಹತ್ತಿರ ಲಾವಣಿ ದರ ಕೇಳುವುದು" ಎಂದು ಒಂದು ಸಲ ಬರೆದರೆ ಸುಮ್ಮನಾಗುವ ಸಾಧ್ಯತೆ ಹೆಚ್ಚು.

ನೀವು ಬರೆಯುವುದರಲ್ಲಿ ಸೋಮಾರಿಗಳಲ್ಲ. ತೊಡಕು ಇರುವುದು ಬೇರೆ ಕಡೆ. ತೋಚಿದ ಗಳಿಗೆಯಲ್ಲೇ ಇದನ್ನು ಎಲ್ಲಿ ಇಡಲಿ ಎಂದು ನಿರ್ಧರಿಸಲು ಹೋಗುತ್ತೀರಿ. ಮನೆಯದು ಕ್ಯಾಲೆಂಡರಿಗೆ, ಅಂಗಡಿಯದು ಚೀಟಿಗೆ, ಒಳ್ಳೆಯ ವಿಚಾರ ಡೈರಿಗೆ, ಅವಸರದ್ದು ಮೊಬೈಲಿಗೆ. ಹಿಡಿಯುವುದು, ಬೇರ್ಪಡಿಸುವುದು ಎಂಬ ಎರಡು ಕೆಲಸಗಳನ್ನು ಒಂದೇ ಕ್ಷಣದಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ. ದಿವಾನಜಿಯವರಿಗೆ ನಾನು ಇದನ್ನು ಹೇಳಿಕೊಡುವುದು ತುಸು ತಮಾಷೆಯೇ, ಏಕೆಂದರೆ ನಿಮ್ಮ ವೃತ್ತಿ ನಿಂತಿರುವುದೇ ಇದರ ಮೇಲೆ. ಅಂಗಡಿಯಲ್ಲಿ ಹಮಾಲಿ ಕೊಟ್ಟದ್ದು, ರೈತರಿಗೆ ಮುಂಗಡ ಕೊಟ್ಟದ್ದು, ಲಾರಿ ಬಾಡಿಗೆ, ಚಹಾದ ಖರ್ಚು ಎಲ್ಲವೂ ನಡೆದ ಕ್ರಮದಲ್ಲಿ ಮೊದಲು ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಹೋಗುತ್ತದೆ. ಯಾರ ಖಾತೆಗೆ ಎಂಬ ಖತಾವಣಿ ಗಲಾಟೆ ಮುಗಿದ ಮೇಲೆ, ಕುಳಿತುಕೊಂಡು ಮಾಡುವ ಕೆಲಸ. ಈಗ ಕಂಪ್ಯೂಟರ್ ಬಂದು ಖತಾವಣಿ ತಾನಾಗಿಯೇ ಆಗುತ್ತಿರಬಹುದು, ಆದರೆ ನಿಮ್ಮ ವಯಸ್ಸಿನವರು ಕೈಯಿಂದ ಮಾಡಿ ಬಲ್ಲವರು. ತಲೆಗೂ ಒಂದು ಕಿರ್ದಿ ಇಡಿ, ಒಂದೇ ಒಂದು.

ಅದಕ್ಕೆ ಅಂಗಿಯ ಜೇಬಿನಲ್ಲಿ ಹಿಡಿಯುವ ಅಗ್ಗದ ಪುಸ್ತಕ ಸಾಕು. ಚೆಂದದ ಪುಸ್ತಕ ಬೇಡ. ಚೆಂದದ ಪುಸ್ತಕದಲ್ಲಿ ಜನ ಚೆಂದದ ವಿಚಾರ ಬಂದಾಗ ಮಾತ್ರ ಬರೆಯಲು ಕಾಯುತ್ತಾರೆ. ದಿನಾಂಕ ಹಾಕಿ, ಬಂದದ್ದನ್ನು ಬಂದ ಕ್ರಮದಲ್ಲಿ ಒಂದೊಂದು ಸಾಲು ಬರೆಯಿರಿ. ಗ್ಯಾಸ್ ಸಿಲಿಂಡರ್ ಕೆಳಗೆ ಹಮಾಲರ ರಾಗ, ಅದರ ಕೆಳಗೆ ಮಗಳ ಫೀ, ಹೀಗೆ ಬೆರೆತುಕೊಂಡೇ ಇರಲಿ. ವಾರಕ್ಕೆ ಒಂದು ಸಲ, ಅಂಗಡಿ ರಜೆಯ ದಿನ, ಅರ್ಧ ತಾಸು ಕುಳಿತು ನೋಡಿ. ಮಾಡಬೇಕಾದ ಕೆಲಸವಾಗಿದ್ದರೆ ದಿನ ಗೊತ್ತುಮಾಡಿ ಕ್ಯಾಲೆಂಡರಿಗೆ ಏರಿಸಿ. ಇನ್ನೊಬ್ಬರಿಗೆ ಹೇಳಬೇಕಾದದ್ದಾಗಿದ್ದರೆ ಅಲ್ಲೇ ಫೋನ್ ಮಾಡಿ ಮುಗಿಸಿ. ಮತ್ತೆ ಮತ್ತೆ ಬರುವ ವಿಷಯ, ಉದಾಹರಣೆಗೆ ಜಮೀನು, ಒಂದಿದ್ದರೆ ಅದಕ್ಕೆ ಹಿಂದಿನ ಪುಟಗಳಲ್ಲಿ ಒಂದು ಖಾತೆ ತೆರೆಯಿರಿ.

ಉಳಿದದ್ದಕ್ಕೆ ಏನೂ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಲೆಕ್ಕದವರಿಗೆ ಇದು ಕಷ್ಟ. ಕಿರ್ದಿಯ ಪ್ರತಿ ಸಾಲೂ ಖಾತೆಗೆ ಏರಲೇಬೇಕು ಎಂಬುದು ಅಂಗಡಿಯ ನಿಯಮ. ತಲೆಯ ಕಿರ್ದಿಯಲ್ಲಿ ಮುಕ್ಕಾಲು ಪಾಲು ಸಾಲುಗಳು ಎಲ್ಲಿಗೂ ಏರದೆ ಅಲ್ಲೇ ಉಳಿದರೂ ಯಾರಿಗೂ ಬಾಕಿ ಬೀಳುವುದಿಲ್ಲ.

ಇದರಲ್ಲೂ ಅಪಾಯಗಳಿವೆ. ಪುಸ್ತಕ ಕಳೆದುಹೋಗಬಹುದು, ಇನ್ನೊಬ್ಬರ ಕೈಗೆ ಸಿಗಬಹುದು. ಸಾವಕಾರರ ಮೇಲಿನ ಸಿಟ್ಟನ್ನು ಹೆಸರು ಹಾಕಿ ಬರೆದು ಗಲ್ಲೆಯ ಮೇಲೆ ಮರೆತು ಹೋಗಬೇಡಿ. ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮವಾದದ್ದು: ಹೊಂದಿಸುವುದೇ ಹವ್ಯಾಸವಾಗಿ ಕೆಲಸ ಹಿಂದೆ ಬೀಳುವುದು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನನ್ನ ಬಳಿ ಬರುತ್ತಾರೆ. ಕೆಲವರು ತರುವ ವೇಳಾಪಟ್ಟಿ ನಾಲ್ಕು ಬಣ್ಣದ್ದು, ಗೆರೆ ಒಂದೂ ಸೊಟ್ಟ ಇರುವುದಿಲ್ಲ. ಅದನ್ನು ತಯಾರಿಸಲು ಹಿಡಿದ ಎರಡು ದಿನಗಳಲ್ಲಿ ಓದು ಒಂದು ಪುಟವೂ ಮುಂದೆ ಹೋಗಿರುವುದಿಲ್ಲ. ಭಾನುವಾರದ ಅರ್ಧ ತಾಸು ಎರಡು ತಾಸಾಗುತ್ತಿದೆ ಎಂದು ಕಂಡರೆ ಗಡಿಯಾರ ಎದುರಿಗಿಟ್ಟುಕೊಳ್ಳಿ.

ತಮ್ಮನ ಮಗನ ಆ್ಯಪ್ ಕೆಟ್ಟದ್ದಲ್ಲ. ಹುಡುಕಿದರೆ ತಕ್ಷಣ ಸಿಗುತ್ತದೆ, ಹೇಳಿದ ಹೊತ್ತಿಗೆ ಎಚ್ಚರಿಸುತ್ತದೆ, ಕನ್ನಡದಲ್ಲಿ ಮಾತನಾಡಿದರೂ ಬರೆದುಕೊಳ್ಳುವ ಸೌಲಭ್ಯ ಈಗ ಫೋನುಗಳಲ್ಲಿದೆ. ಆದರೆ ತಾನಾಗಿಯೇ ಹೊಂದಿಕೊಳ್ಳುತ್ತದೆ ಎಂಬ ಮಾತನ್ನು ನಂಬಬೇಡಿ. ಯಾವುದು ಮುಖ್ಯ ಎಂಬ ತೀರ್ಮಾನ ನಿಮ್ಮದೇ. ದೊಡ್ಡ ತೊಂದರೆಯೆಂದರೆ, ಒಂದು ಸಾಲು ಬರೆಯಲು ತೆರೆದ ಫೋನಿನಲ್ಲಿ ಮೂರು ಸಂದೇಶ ಕಂಡು, ಅವನ್ನು ನೋಡಿ ಮುಗಿಸುವಷ್ಟರಲ್ಲಿ ಬರೆಯಬೇಕಾದದ್ದೇ ಹಾರಿಹೋಗುತ್ತದೆ. ತಾರೀಕು ಇರುವ ಕೆಲಸಗಳಿಗೆ, ಅಂದರೆ ವಿಮೆಯ ಕಂತು, ವಿದ್ಯುತ್ ಬಿಲ್ಲು, ಆಸ್ಪತ್ರೆಯ ದಿನ ಇಂಥವುಗಳಿಗೆ ಫೋನನ್ನು ಬಳಸಿ. ಅಲೆಮಾರಿ ಯೋಚನೆಗಳಿಗೆ ಕಾಗದವೇ ಇರಲಿ. ಹುಡುಗ ಬಹುಶಃ ನಿಕ್ಲಾಸ್ ಲೂಮನ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞರ ಉದಾಹರಣೆಯನ್ನೂ ಕೊಡಬಹುದು, ಇಂಥ ಆ್ಯಪ್‌ಗಳ ಅಭಿಮಾನಿಗಳಿಗೆ ಅವರೆಂದರೆ ಪ್ರೀತಿ. ಆ ಮಹನೀಯರು ಸುಮಾರು 90,000 ಚೀಟಿಗಳನ್ನು ಒಂದಕ್ಕೊಂದು ಸಂಖ್ಯೆಯಿಂದ ಜೋಡಿಸಿ ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ನಿಜ, ಆದರೆ ಗ್ರಂಥ ಬರೆಯುವುದೇ ಅವರ ಉದ್ಯೋಗವಾಗಿತ್ತು. ನೀವು ಸಂಜೆ ಮನೆಗೆ ಹೋಗಿ ಮಗಳ ಜೊತೆ ಮಾತನಾಡಬೇಕು.

ನಡುರಾತ್ರಿಯ ಎಚ್ಚರಕ್ಕೆ ಬೇರೆಯೇ ಉಪಾಯ ಬೇಕು. ಮೊದಲು ಚಹಾ. ಅಡತಿ ಅಂಗಡಿಯಲ್ಲಿ ಬಂದವರಿಗೆಲ್ಲ ಚಹಾ, ಅವರ ಜೊತೆ ದಿವಾನಜಿಗೂ ಚಹಾ. ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ತಾಸು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮಧ್ಯಾಹ್ನ ಮೂರರ ನಂತರ ಕಪ್ಪು ಮುಟ್ಟದೆ ಎರಡು ವಾರ ಇದ್ದು ನೋಡಿ. ಸಕ್ಕರೆ ಹೆಚ್ಚಿದ್ದು ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಎಚ್ಚರಕ್ಕೆ ಕಾರಣ ಯೋಚನೆಯೇ ಎಂದು ನಾವು ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಎಚ್ಚರ ಮೊದಲು, ಯೋಚನೆ ಆಮೇಲೆ.

ಮಲಗುವ ಮೊದಲು ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆಯಿರಿ. 2018ರಲ್ಲಿ ಅಮೆರಿಕದ ಬೇಯ್ಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 57 ಯುವಜನರ ಮೇಲೆ ಇದನ್ನು ಪರೀಕ್ಷಿಸಿತು. ಮುಂದಿನ ದಿನಗಳಲ್ಲಿ ಮಾಡಬೇಕಾದದ್ದನ್ನು ಬರೆದವರು, ಆಗಲೇ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ರೆಗೆ ಜಾರಿದರು. ಪಟ್ಟಿ ಹೆಚ್ಚು ವಿವರವಾದಷ್ಟೂ ನಿದ್ರೆ ಬೇಗ ಬಂದಿತ್ತು. ಚಿಕ್ಕ ಅಧ್ಯಯನ, ಒಂದೇ ರಾತ್ರಿಯದು, ಎಳೆಯ ವಯಸ್ಸಿನವರದು. ಆದರೂ ಇದಕ್ಕೆ ಖರ್ಚಿಲ್ಲ, ಅಡ್ಡಪರಿಣಾಮ ಹೆಚ್ಚಿಲ್ಲ, ಆದ್ದರಿಂದ ನಾನು ಧೈರ್ಯವಾಗಿ ಹೇಳುತ್ತೇನೆ. ಮೂರಕ್ಕೆ ಎಚ್ಚರವಾಗಿ ಅರ್ಧ ತಾಸಾದರೂ ನಿದ್ರೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ನಿದ್ರೆ ತೂಗಿದಾಗ ಮತ್ತೆ ಬನ್ನಿ. ಫೋನ್ ಮಾತ್ರ ಕೈಗೆ ತೆಗೆದುಕೊಳ್ಳಬೇಡಿ.

ಸಾವಕಾರರ ಮಾತಿನಂಥ ಕೊರೆಯುವ ಚಿಂತೆಗಳನ್ನು ಬಲವಂತವಾಗಿ ಹೊರದಬ್ಬಲು ಹೋಗಬೇಡಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಕರಡಿ ಮತ್ತೆ ಮತ್ತೆ ನೆನಪಾದದ್ದನ್ನು ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದ್ದಾರೆ. ಅದರ ಬದಲು ಚಿಂತೆಗೆ ಹೊತ್ತು ನಿಗದಿ ಮಾಡುವ ಪದ್ಧತಿಯೊಂದಿದೆ. 1983ರಲ್ಲಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಪರೀಕ್ಷಿಸಿದ ಈ ಪದ್ಧತಿಯಲ್ಲಿ ದಿನವೂ ಒಂದೇ ಸಮಯ, ಒಂದೇ ಜಾಗ, ಅರ್ಧ ತಾಸು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ "ಆಗ ನೋಡೋಣ" ಎಂದು ಒಂದು ಸಾಲು ಬರೆದು ಮುಂದಕ್ಕೆ ಹಾಕುವುದು. ಜಾಗ ಹಾಸಿಗೆ ಆಗಬಾರದು. ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಮಾಡಬಹುದು. ನನ್ನ ಅನುಭವದಲ್ಲಿ ಆ ಹೊತ್ತು ಬಂದಾಗ ಪಟ್ಟಿಯಲ್ಲಿ ಅರ್ಧಕ್ಕರ್ಧ ಚಿಂತೆಗಳು ಸಪ್ಪೆಯಾಗಿ ಕಾಣುತ್ತವೆ. ಆದರೆ ಖಿನ್ನತೆ ಇರುವವರಿಗೆ ಇದು ತಿರುಗುಬಾಣವಾಗಬಹುದು, ಅರ್ಧ ತಾಸು ಹೋಗಿ ಇಡೀ ಸಂಜೆಯಾಗುತ್ತದೆ. ಮಾಡಿದ ಮೇಲೆ ಮನಸ್ಸು ಇನ್ನಷ್ಟು ಭಾರವಾದರೆ ಬಿಟ್ಟುಬಿಡಿ. ಸಾವಕಾರರ ಮಾತು ಅಷ್ಟು ನೋಯಿಸಿದ್ದರೆ ಅಂಗಡಿ ಖಾಲಿ ಇರುವ ಹೊತ್ತು ನೋಡಿ ಅವರನ್ನೇ ಕೇಳುವುದು ಇದಕ್ಕಿಂತ ಹತ್ತಿರದ ದಾರಿ.

ಧ್ಯಾನ ಮಾಡಿದರೆ ಮನಸ್ಸು ಖಾಲಿಯಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ಅಲೆದದ್ದು ಬೇಗ ಗಮನಕ್ಕೆ ಬರುತ್ತದೆ, ಅಷ್ಟು ಲಾಭ ಸಾಕು. ಕೆಲವರಿಗೆ ಕಣ್ಣು ಮುಚ್ಚಿ ಕುಳಿತರೆ ಗಾಬರಿಯೇ ಹೆಚ್ಚುತ್ತದೆ, ಅವರು ಕೆಲಗೇರಿ ಕೆರೆಯ ಸುತ್ತ ನಡೆದು ಬಂದರೂ ಆದೀತು.

ಯಾವಾಗ ನೇರವಾಗಿ ವೈದ್ಯರನ್ನು ಕಾಣಬೇಕು? ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿದ್ದು, ಮೊದಲು ಇಷ್ಟವಾಗುತ್ತಿದ್ದದ್ದು ಬೇಡವಾದರೆ. ಎದೆ ಹೊಡೆದುಕೊಳ್ಳುವಷ್ಟು ಚಿಂತೆ ದಿನವೂ ಇದ್ದರೆ. ಅಂಗಡಿಯ ಲೆಕ್ಕ ತಪ್ಪತೊಡಗಿದರೆ. ನಿಮ್ಮಲ್ಲಿ ಬದಲಾವಣೆ ಕಂಡಿದೆ ಎಂದು ಹೆಂಡತಿಯೇ ಹೇಳಿದರೆ. ಬದುಕಿದ್ದು ಪ್ರಯೋಜನವಿಲ್ಲ ಎಂಬ ಯೋಚನೆ ಒಂದು ಸಲ ಸುಳಿದರೂ ಕಾಯಬೇಡಿ. ಧಾರವಾಡದಲ್ಲೇ ಇರುವ ನಿಮಗೆ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆಯಾದ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗ ದೂರವಲ್ಲ. "ಧಾರವಾಡಕ್ಕೆ ಕಳಿಸಬೇಕು" ಎಂಬ ಹಳೆಯ ಕುಚೋದ್ಯದಿಂದಾಗಿ ಆ ಗೇಟಿನ ಮುಂದೆ ಹೆಜ್ಜೆ ತಡೆಯುವವರು ಈಗಲೂ ಇದ್ದಾರೆ. ನಿದ್ರೆ ಬರುವುದಿಲ್ಲವೆಂದು, ತಲೆನೋವೆಂದು, ಚಿಂತೆಯೆಂದು ಬರುವ ನೌಕರರು, ರೈತರು, ವಿದ್ಯಾರ್ಥಿಗಳೂ ಅಲ್ಲಿನ ಸರದಿಯಲ್ಲಿ ನಿಂತಿರುತ್ತಾರೆ. ಹೋಗಲು ಮನಸ್ಸು ಒಪ್ಪದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಬಸ್ಸಿನ ವಿಷಯ ಉಳಿಯಿತು. ಇಳಿಯುವ ನಿಲ್ದಾಣಕ್ಕೆ ಎರಡು ನಿಲ್ದಾಣ ಮುಂಚೆ ಮೊಬೈಲ್ ಅದುರುವಂತೆ ಸಮಯ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಮನಸ್ಸನ್ನು ಅದರ ಪಾಡಿಗೆ ಬಿಡಿ. ಆ ಅರ್ಧ ತಾಸನ್ನು "ಉಪಯುಕ್ತ"ವಾಗಿಸಲು ಪ್ರವಚನ, ಷೇರುಪೇಟೆ, ಇಂಗ್ಲಿಷ್ ಪಾಠ ತುಂಬಿಸಿಕೊಳ್ಳುವವರನ್ನು ಕಂಡಿದ್ದೇನೆ. ತಮ್ಮ ಪಾಡಿಗೆ ಯೋಚಿಸಲು ಅವರಿಗೆ ಉಳಿಯುವುದು ರಾತ್ರಿ ಮೂರರ ಹೊತ್ತು ಮಾತ್ರ.

ಕೊನೆಗೆ ಹಳೆಯ ಡೈರಿಗಳು. ಹೆಂಡತಿಯ ಮಾತಿನಲ್ಲಿ ಮುಕ್ಕಾಲು ಪಾಲು ನ್ಯಾಯವಿದೆ. ಎಲ್ಲವನ್ನೂ ಓದಿ ಹೊಂದಿಸಲು ಹೊರಡಬೇಡಿ, ವರ್ಷ ಹಿಡಿಯುತ್ತದೆ, ಹಳೆಯ ಸಿಟ್ಟುಗಳೂ ಎದ್ದು ಕೂರುತ್ತವೆ. ಒಂದು ಮಧ್ಯಾಹ್ನ ಕುಳಿತು ಪುಟ ತಿರುವುತ್ತಾ ಹೋಗಿ. ಜಮೀನಿನ ಸರ್ವೆ ನಂಬರ್, ಕೈಗಡ ಕೊಟ್ಟದ್ದು, ಪಾಲಿಸಿಯ ಸಂಖ್ಯೆ ಇರುವ ಪುಟಗಳನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳಿ. ಓದಿದಾಗ ಖುಷಿಯಾಗುವ ಡೈರಿ ಒಂದೆರಡಿದ್ದರೆ ಇಟ್ಟುಕೊಳ್ಳಿ. ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಪಿನ್ ಬರೆದ ಹಾಳೆಗಳನ್ನು ಚೂರು ಮಾಡಿ ಎಸೆದು, ಉಳಿದದ್ದನ್ನು ರದ್ದಿಯವನಿಗೆ ಕೊಡಿ.